ಮುಟ್ಟಿದ ಕಡತ

ಸಹಿಗೆ ಮೂರು ದಿನ ತಡೀರಿ ಎಂದಿದ್ದರು ಹಟ್ಟಿಯ ಯಜಮಾನರು.
ಮಾರ್ಚ್ ಮೂವತ್ತೊಂದು ತಡೆಯೋದಿಲ್ಲ ಎಂದರು ಪಿಡಿಒ ಸಾಹೇಬರು.
ದೇವರಿಗೂ ಖಜಾನೆಗೂ ನಡುವೆ
ಟಿವಿಎಸ್ ಹತ್ತಿ ಹೊರಟವಳು ನಾನು,
ಪಂಚಾಯ್ತಿಯ ಡಾಟಾ ಎಂಟ್ರಿ ಖಮರುನ್ನೀಸಾ.
ಸೀಟಿನ ಕೆಳಗೆ ಕಡತ, ಸೀಲು, ನೀಲಿ ಪ್ಯಾಡು.

ಚಳ್ಳಕೆರೆ ರಸ್ತೆ ಬಿಟ್ಟು ಎಡಕ್ಕೆ ಹೊರಳಿದರೆ
ಗುಡ್ಡದ ತುಂಬ ಗಾಳಿಯಂತ್ರ,
ಯಾರ ಅಪ್ಪಣೆಯನ್ನೂ ಕೇಳದೆ ತಿರುಗುತ್ತವೆ.
ಕೆಳಗೆ ಜಾಲಿಮುಳ್ಳಿನ ಬೇಲಿ, ಬೇಲಿಯೊಳಗೆ ಹಟ್ಟಿ,
ಬೇಲಿಯಾಚೆ ಒಂದು ಬೇವು, ಬೇವಿನಡಿ ಗರಿಯ ಗುಡ್ಲು,
ಗುಡ್ಲಿನೊಳಗೆ
ಮಾನ್ಯ ಅಧ್ಯಕ್ಷರು, ಶ್ರೀಮತಿ ಕ್ಯಾತಮ್ಮನವರು.
ತಟ್ಟೆ ಬೇರೆ, ಚೆಂಬು ಬೇರೆ, ಚಾಪೆ ಬೇರೆ.

'ಅಲ್ಲೇ ನಿಲ್ಲು ಖಮರ, ನಾ ಹೊರಗಾಗೀನಿ.'
'ನಾನು ಒಳಗಿದ್ದದ್ದು ಯಾವಾಗಕ್ಕ?'
ನಕ್ಕಳು. ಚಾಪೆ ಸರಿಸಿದಳು.
'ಕನ್ನಡಕ ಮನೆಯಾಗೇ ಐತೆ, ಮುಟ್ಟಂಗಿಲ್ಲ. ನೀನೇ ಓದು.'

ಕಡತ ಬಿಚ್ಚುವಾಗ ಆ ದಿನ ನೆನಪಾಯಿತು:
ಹೊಸ ಕಚೇರಿಯ ಪ್ರವೇಶ. ಅಧ್ಯಕ್ಷರ ಕುರ್ಚಿಗೆ ಶಾಲು ಹಾಸಿ
ಸ್ವಾಮಿಗಳನ್ನು ಕೂರಿಸಿದರು.
ಅಧ್ಯಕ್ಷೆ ಆರತಿ ತಟ್ಟೆ ಹಿಡಿದು ನಿಂತಿದ್ದಳು.
ಗೋಡೆಯಲ್ಲಿದ್ದ ಪೀಠಿಕೆ ಇಳಿಸಿ
ಪೀಠದ ಫೋಟೊ ಏರಿಸಿದರು. ಮೊಳೆ ಇದ್ದದ್ದು ಒಂದೇ.
'ಭಾರತದ ಜನತೆಯಾದ ನಾವು' ಅಂದಿನಿಂದ
ನನ್ನ ಪ್ರಿಂಟರಿನ ಹಿಂದೆ, ಗೋಡೆಗೆ ಮುಖ ಮಾಡಿ,
ಲೆಕ್ಕ ತಪ್ಪಿದ ಹುಡುಗಿಯ ಹಾಗೆ.

ಓದಿದೆ. ಕಾಮಗಾರಿ: ಮಹಿಳಾ ವಿಶ್ರಾಂತಿ ಗೃಹ.
ಸ್ಥಳ: ಹಟ್ಟಿಯ ಹೊರಗೆ, ಬೇವಿನ ಮರದ ಬಳಿ.
ಆರ್‌ಸಿಸಿ ಚಾವಣಿ, ಟೈಲ್ಸ್ ನೆಲ, ಎರಡು ಫ್ಯಾನು.
ಮೊತ್ತ ಹನ್ನೆರಡು ಲಕ್ಷ.

ಬಹಳ ಹೊತ್ತು ಮಾತಿಲ್ಲ.
'ಹೋದ ಸಲ ಈರಕ್ಕನ ಕೂಸು ಇಲ್ಲೇ ನೆಂದಿದ್ದು.
ಹನ್ನೊಂದು ದಿನದ್ದು. ಆಮೇಲೆ ಕೆಮ್ಮು.'
ಚೆಂಬನ್ನು ಒಂದು ಸುತ್ತು ತಿರುಗಿಸಿದಳು.
'ಸೂರು ಬೇಕು ಕಣೇ. ಬ್ಯಾಡ ಅನ್ನಕ್ಕೆ ನಾನ್ಯಾರು?
ಆದ್ರೆ ಗರಿಯ ಗುಡ್ಲು ಒಂದಿನ ಬೀಳ್ತೈತೆ ಖಮರ,
ಆರ್‌ಸಿಸಿ ಬೀಳ್ತೈತಾ?
ಇಷ್ಟು ದಿನ ದೇವರು ಹೊರಗಿಟ್ಟಿದ್ದ,
ಇನ್ಮೇಲೆ ಸರ್ಕಾರ ಇಡ್ತೈತೆ. ಬಿಲ್ಲು ಪಾಸು ಮಾಡಿ.'

ನನಗೆ ಜಮಾತಿನ ಮಹಡಿ ಕಣ್ಣಿಗೆ ಬಂತು.
ನನ್ನ ತಲಾಖಿನ ಮಾತು ನಡೆದದ್ದು ಅಲ್ಲಿ, ಮೇಲೆ.
ಕೆಳಗೆ ಮೆಟ್ಟಿಲ ಹತ್ತಿರ, ಅವರ ಚಪ್ಪಲಿಗಳ ಜೊತೆ, ನಾನು.
ಅಬ್ಬಾ ಇಳಿದು ಬಂದು
ನಾನು ಏನು ಒಪ್ಪಿದೆ ಎಂದು ನನಗೆ ತಿಳಿಸಿದರು.
ಅಲ್ಲೂ ಎರಡು ಫ್ಯಾನಿದ್ದವು. ಸದ್ದು ಕೆಳಗೂ ಕೇಳುತ್ತಿತ್ತು.
ಇದನ್ನು ಕ್ಯಾತಮ್ಮನಿಗೆ ಹೇಳಲಿಲ್ಲ.
ಪೆನ್ನು ಕೊಟ್ಟೆ. ಬೆರಳು ತಾಗಿತು.

ಅವಳು 'ಹೊರಗೆ' ಎಂಬಲ್ಲಿ ಒಂದು ಗೀಟು ಎಳೆದಳು,
ಕಾಗದ ಹರಿಯುವಷ್ಟು ಒತ್ತಿ.
ಮೇಲೆ ಬರೆದಳು, ಕನ್ನಡಕವಿಲ್ಲದೆ, ಸೊಟ್ಟ ಸೊಟ್ಟ:
ಹಟ್ಟಿಯ ಒಳಗೆ. ಗುಡಿಯ ಎದುರು.
ಆಮೇಲೆ ಸಹಿ. ಆಮೇಲೆ ಸೀಲು.

ಕಡತ ಕಂಡ ಪಿಡಿಒ ಕೈ ಹಿಂದಕ್ಕೆಳೆದುಕೊಂಡರು,
ಎಂ.ಎ., ಬಿ.ಎಡ್. ಕೈ.
ಮುಟ್ಟಿದ್ದು ತಿದ್ದುಪಡಿಗೋ, ಮುಟ್ಟಿಗೋ, ಕೇಳಲಿಲ್ಲ.
ಉಪಾಧ್ಯಕ್ಷರ ಮನೆಯಿಂದ ತೀರ್ಥ ಬಂತು,
ಮೇಜಿಗೆ, ಕಡತಕ್ಕೆ, ನನ್ನ ಕೀಬೋರ್ಡಿಗೂ.
'ಎಂ' ಅಕ್ಷರ ಈಗಲೂ ಸಿಕ್ಕಿಕೊಳ್ಳುತ್ತದೆ.

ಹನ್ನೆರಡು ಲಕ್ಷ ವಾಪಸ್ ಹೋಯಿತು.
ಮೇ ತಿಂಗಳ ಮಳೆಗೆ ಗುಡ್ಲಿನ ಒಂದು ಮಗ್ಗುಲು ಕುಸಿಯಿತು;
ಹಟ್ಟಿಯ ಹೆಂಗಸರಲ್ಲೇ ಅರ್ಧ ಮಂದಿ
ಅವಳನ್ನು ಮಾತಾಡಿಸುತ್ತಿಲ್ಲ.
ಅವಿಶ್ವಾಸಕ್ಕೆ ಹನ್ನೊಂದು ಸಹಿ ಬಿದ್ದವು.
ಅದಕ್ಕೆ ಯಾರೂ ಮೂರು ದಿನ ತಡೀರಿ ಅನ್ನಲಿಲ್ಲ.

ಇವತ್ತು ಸಂತೆಯಲ್ಲಿ
ಒಂದು ಮೊಳೆ ಕೊಂಡೆ. ಎರಡು ರೂಪಾಯಿ.
ರಶೀದಿ ಕೇಳಲಿಲ್ಲ.